ಬೆರಳಿನಷ್ಟು ಜಾಗ

ಹಾಲು ಹಾಕಿ ಹೊರಟ ಮರಿಯವ್ವ ಇವತ್ತೂ ಟೊಮೆಟೊ ಮಡಿಗೆ ಕೈಮುಗಿದಳು. ಮಡಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಕರಬಸಪ್ಪನಿಗಲ್ಲ, ಅವನ ಮಗ್ಗುಲಿನ ಮಣ್ಣಿಗೆ. ತಪ್ಪು ಅವಳದಲ್ಲ. ಮಡಿ ಮೊಣಕಾಲೆತ್ತರವಿತ್ತು, ಆರಡಿ ಉದ್ದ, ಮೂರಡಿ ಅಗಲ, ನಾಲ್ಕೂ ಕಡೆ ಹಳೇ ಬಚ್ಚಲದ ಕಲ್ಲು ನಿಲ್ಲಿಸಿ ಕಟ್ಟಿದ್ದು; ಹುಳ ಹತ್ತದಿರಲೆಂದು ಕರಬಸಪ್ಪನ ಹೆಂಡತಿ ಶೇಖವ್ವ ಅದರ ಮೇಲೆ ದಿನಾ ಒಂದು ಹಿಡಿ ಒಲೆಯ ಬೂದಿ ಚೆಲ್ಲುತ್ತಿದ್ದಳು. ಇಷ್ಟು ಎತ್ತರಕ್ಕೆ ಕಟ್ಟಿ ಇಷ್ಟು ಬೂದಿ ಬಳಿದದ್ದು ಯಾರೋ ಶರಣರ ಸಮಾಧಿಯ ಗದ್ದುಗೆಯೇ ಇರಬೇಕೆಂದು, ಕುಪ್ಪೇಲೂರಿನಿಂದ ಮೊದಲ ಬಸ್ಸಿಗೆ ಹಾಲಿನ ಕ್ಯಾನು ಹೊತ್ತು ಬರುವ ಮರಿಯವ್ವ ಮೊದಲ ದಿನವೇ ತೀರ್ಮಾನಿಸಿ ಒಂದು ಕಣಗಿಲೆ ಹೂವನ್ನೂ ಇಟ್ಟುಹೋಗಿದ್ದಳು. ಆಮೇಲೆ ಸಸಿ ನೆಟ್ಟು, ಸಸಿ ಗಿಡವಾಗಿ, ಗಿಡದಲ್ಲಿ ಕಾಯಿ ಕಂಡರೂ ಅವಳ ಭಕ್ತಿ ಸಡಿಲಾಗಲಿಲ್ಲ. "ಅದು ಗದಿಗಿ ಅಲ್ಲಬೇ, ಟೊಮೆಟಿ ಗಿಡಾ" ಎಂದು ಶೇಖವ್ವ ತಿಳಿಸಿ ಹೇಳಿದಾಗ, "ಇರ್ಲಿ ಬಿಡವ್ವಾ, ಮುಗದ್ರ ಕೈಯೇನ್ ಸವೀತಾವು" ಅಂದಿದ್ದಳು. ಕರಬಸಪ್ಪನಿಗೆ ಮೊದಮೊದಲು ಮೈ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದವನಿಗೆ ಸಿಗದ ನಮಸ್ಕಾರ ಒಂದು ಮಡಿಗೆ ಸಿಗುತ್ತಿತ್ತು. ಈಗೀಗ ಬೇರೆಯೇ ಅನಿಸುತ್ತಿತ್ತು. ಲೆಕ್ಕ ಸರಿಯಾಗಿದ್ದರೆ ಅವನು ಈಗ ಅಂಥದೇ ಒಂದು ಕಟ್ಟೆಯ ಕೆಳಗೆ ಕೂತಿರಬೇಕಿತ್ತು. ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದು ಮೇಲಿನವರ ಕಡತದಲ್ಲಿ ಎಲ್ಲೋ ನಡೆದ ತಪ್ಪಿನಿಂದ. ಆ ತಪ್ಪು ಮಾಡಿದ ಗುಮಾಸ್ತ ಸುಖವಾಗಿರಲಿ.

ಶ್ರಾವಣದ ಒಂದು ಮುಂಜಾನೆ ಅವನ ಬಲಗೈ, ಬಲಗಾಲು ಮತ್ತು ನಾಲಿಗೆಯ ಅರ್ಧ ಭಾಗ ಅರ್ಜಿ ಕೊಡದೆ ಒಟ್ಟಿಗೆ ರಜೆ ಹಾಕಿದ್ದವು. ಕಾಲು ಸ್ವಲ್ಪ ಸ್ವಲ್ಪ ಕೆಲಸಕ್ಕೆ ಹಾಜರಾಗುತ್ತಿತ್ತು. ಕೈ ಇನ್ನೂ ಮಡಿಲಲ್ಲಿ ಯಾರೋ ಮರೆತುಹೋದ ಗಂಟಿನ ಹಾಗೆ ಬಿದ್ದಿರುತ್ತಿತ್ತು. ಹಾವೇರಿಯ ಡಾಕ್ಟರು ಬೆರಳಿಗೆ ಏನಾದರೂ ಕೆಲಸ ಕೊಡಿ, ಮಣ್ಣು ಮುಟ್ಟಿಸಿ ಅಂದಿದ್ದೇ ತಡ, ಶೇಖವ್ವ ಬಚ್ಚಲದ ಕಲ್ಲು ಕೀಳಿಸಿ ಕುರ್ಚಿಯ ಎತ್ತರಕ್ಕೆ ಸರಿಯಾಗಿ ಈ ಮಡಿ ಕಟ್ಟಿಸಿದ್ದಳು. ಬಗ್ಗಲಾರದವನ ಸಲುವಾಗಿ ನೆಲವೇ ಎದ್ದು ಬಂದಿತ್ತು. ಅದಕ್ಕಾಗಿ ಅವಳಿಗೆ ಏನಾದರೂ ಹೇಳಬೇಕೆಂದು ಅವನು ಎಷ್ಟೋ ದಿನದಿಂದ ಅಂದುಕೊಂಡಿದ್ದ. ಆದರೆ ಹೇಳುವುದು ಈಗ ಸುಲಭವಿರಲಿಲ್ಲ. ಮಾತು ಬರುತ್ತಿತ್ತು, ಬರಲು ಹೊತ್ತು ಹಿಡಿಯುತ್ತಿತ್ತು, ಅಷ್ಟರಲ್ಲಿ ಎದುರಿದ್ದವರು ಅದನ್ನು ಮುಗಿಸಿಬಿಡುತ್ತಿದ್ದರು. ಅವನು "ನೀ" ಎಂದರೆ ಶೇಖವ್ವ ನೀರು ತರುತ್ತಿದ್ದಳು. "ನೀ ಭಾಳ ಮಾಡಿದಿ" ಅನ್ನಬೇಕಿದ್ದವನು ನೀರು ಕುಡಿದು ಸುಮ್ಮನಾಗುತ್ತಿದ್ದ. ಹೀಗೆ ದಿನಕ್ಕೆ ಆರೇಳು ಸಲ ಅವನ ಕೃತಜ್ಞತೆ ಮೂತ್ರವಾಗಿ ಹೋಗುತ್ತಿತ್ತು.

ಒಳಗೆ ಪಡಸಾಲೆಯಲ್ಲಿ ಕೌದಿಯ ಮೇಲೆ ಸೂಜಿ ಓಡುವ ಸಪ್ಪಳ ಇನ್ನೂ ಶುರುವಾಗಿರಲಿಲ್ಲ. ಹೊಲಿಯುವ ಮಾಸುಮಬಿ ಬರುವುದು ಒಂಬತ್ತಕ್ಕೆ. ಇವತ್ತು ಮೂರನೆಯ ದಿನ, ಕೊನೆಯ ದಿನ. ಒಂದು ಮೂಲೆ ಉಳಿದಿದೆ, ಮಧ್ಯಾಹ್ನಕ್ಕೆ ಮುಗಿಸುತ್ತೇನೆಂದು ನಿನ್ನೆ ಹೋಗುವಾಗ ಅವಳು ಹೇಳಿದ್ದು ಕೇಳಿ ಕರಬಸಪ್ಪನ ಎಡಗೈಯೂ ತಣ್ಣಗಾಗಿತ್ತು. ಕೌದಿ ಮುಗಿದರೆ ಅವಳು ಇನ್ನು ಈ ಮನೆಗೆ ಬರುವ ಕಾರಣವಿಲ್ಲ. ಅವಳಿಗೆ ಹೇಳಬೇಕಾದದ್ದು ಒಂದಿತ್ತು, ನಾಲ್ಕು ವರ್ಷದಿಂದ. ಎರಡು ದಿನ ಅವಳು ಅವನಿಂದ ಒಂದು ಮಾರು ದೂರದಲ್ಲಿ ಕೂತು ಅವನವೇ ಹಳೇ ಅಂಗಿ ಪ್ಯಾಂಟುಗಳನ್ನು ಹರಿದು ತುಂಡು ಮಾಡಿ ಹೊಲಿದಿದ್ದಳು. ಅವನು ಎರಡು ದಿನವೂ ಬಾಯಿ ತೆರೆದು, ನೀರು ಕುಡಿದು ಮುಚ್ಚಿಕೊಂಡಿದ್ದ. ಅವಳಿಗೆ ತನ್ನ ಗುರುತು ಹತ್ತಿಲ್ಲ ಅನ್ನುವುದು ಮೊದಲ ದಿನ ಸಮಾಧಾನವಾಗಿತ್ತು. ಎರಡನೆಯ ದಿನ ಅದೇ ಅವಮಾನವಾಯಿತು. ನಾಲ್ಕು ವರ್ಷದಲ್ಲಿ ತಾನು ಅಷ್ಟು ಬದಲಾಗಿಬಿಟ್ಟಿದ್ದೇನೆಯೇ, ಒಬ್ಬಳ ಅನ್ನ ಕಸಿದವನ ಮುಖ ಅವಳಿಗೇ ನೆನಪಿರದಷ್ಟು?

ಮೊದಲ ದಿನ ಅವಳು ಬಂದಾಗ ಅವನು ಸುತಳಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಹನ್ನೊಂದು ಗಿಡಗಳೂ ಕಾಯಿಯ ಭಾರಕ್ಕೆ ಒಂದರ ಮೇಲೊಂದು ಒರಗಿ, ಸಂತೆ ಮುಗಿಸಿ ಬಂದ ಬಸ್ಸಿನೊಳಗಿನ ಮಂದಿಯ ಹಾಗೆ ತೂಕಡಿಸುತ್ತಿದ್ದವು. ಹತ್ತಿ ಕಟ್ಟಿಗೆ ಊರಿ ಗಿಡ ಎತ್ತಿ ಕಟ್ಟಬೇಕಿತ್ತು. ಟೊಮೆಟೊಕ್ಕೆ ಆಸರೆ ಕೊಡುವ ಬಗ್ಗೆ ಅವನು ಬಟ್ಟೆಯ ಮೇಲೆ ಬರೆದ ಚಿತ್ರ ತೂಗುಹಾಕಿ ಎಷ್ಟು ಊರುಗಳಲ್ಲಿ ಭಾಷಣ ಮಾಡಿದ್ದ, ಕರ್ಜಗಿಯಲ್ಲಿ, ಕಾಗಿನೆಲೆಯಲ್ಲಿ, ಕೋಲು ಹಿಡಿದು ತೋರಿಸುತ್ತ. ತಳಿಯ ಬಗ್ಗೆ ತಾಸುಗಟ್ಟಲೆ ಮಾತಾಡಿದವನಿಗೆ ಸುತಳಿ ಕಟ್ಟಲು ಬರುತ್ತಿರಲಿಲ್ಲ ಎನ್ನುವುದು ಗೊತ್ತಾಗಲು ಒಂದು ಕೈ ಹೋಗಬೇಕಾಯಿತು. ಆ ಸುತಳಿಯಾದರೂ ಎಂಥದು, ಬ್ಯಾಡಗಿಯ ಪೇಟೆಯಿಂದ ಶೇಖವ್ವನ ತಮ್ಮ ಉಡಚಪ್ಪ ಮೆಣಸಿನಕಾಯಿ ಚೀಲ ಬಿಚ್ಚಿ ತಂದದ್ದು. ಎಳೆ ಎಳೆಗೂ ಕೆಂಪು ಪುಡಿ ಕುಡಿದಿತ್ತು. ಹಲ್ಲಿಗೆ ಕಚ್ಚಿದ್ದೇ ಬಾಯಿಯ ಎಡಗಡೆಗೆ ಬೆಂಕಿ ಬಿತ್ತು. ಬಲಗಡೆಗೆ ಸುದ್ದಿಯೇ ಮುಟ್ಟಲಿಲ್ಲ. ಅರ್ಧ ಮುಖ ಅಳುತ್ತಿತ್ತು, ಉಳಿದರ್ಧ ನೋಡುತ್ತ ಕೂತಿತ್ತು. ಆಗ ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಟ್ಟಳು. ಗುರುತು ಹತ್ತಲು ಅವನಿಗೆ ಅವಳ ಮುಖ ಬೇಕಾಗಲಿಲ್ಲ. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಅವನ ಎಡಗೈಗೆ ಕೊಟ್ಟು, "ನುಂಗಬ್ಯಾಡ್ರಿ, ಬಾಯಾಗ ಹಿಡ್ಕೊಂಡು ಉಗುಳ್ರಿ" ಅಂದ ಕೈ ಸಾಕಾಗಿತ್ತು. ತೆಳ್ಳಗಿನ, ಉದ್ದ ಬೆರಳುಗಳ, ಹೂವಿನ ಕೆಲಸದ ಕೈ.

ಕುಪ್ಪೇಲೂರಿನಲ್ಲಿದ್ದ ಕಂಪನಿಯ ಬೀಜದ ಪ್ಲಾಟಿನಲ್ಲಿ ಆ ಕೈಯಷ್ಟು ಚಂದ ಹೂವು ಬಿಡಿಸುವ ಕೈ ಇನ್ನೊಂದಿರಲಿಲ್ಲ. ಬೀಜದ ಟೊಮೆಟೊಕ್ಕೆ ಮೊಗ್ಗು ಅರಳುವ ಮೊದಲೇ ಚಿಮಟಿಗೆಯಿಂದ ಗಂಡುಭಾಗ ಕಿತ್ತು, ಮರುದಿನ ಬೇರೆ ಗಿಡದ ಹೂವಿನ ಪುಡಿ ಮುಟ್ಟಿಸಬೇಕು. ಕ್ರಾಸಿಂಗ್ ಎನ್ನುತ್ತಿದ್ದರು ಎಲ್ಲರೂ. ಉಳಿದವರ ಕೈಯಲ್ಲಿ ನೂರಕ್ಕೆ ಮೂವತ್ತು ಹೂವು ಉದುರಿದರೆ ಮಾಸುಮಬಿಯ ಕೈಯಲ್ಲಿ ಐದೂ ಉದುರುತ್ತಿರಲಿಲ್ಲ. ಎಂಬತ್ತೇಳರ ಚಳಿಗಾಲ. ಸೋಮವಾರ ಕಂಪನಿಯ ದೊಡ್ಡ ಸಾಹೇಬರು ಪ್ಲಾಟು ನೋಡಲು ಬರುವವರಿದ್ದರು. ಸಾಹೇಬರು ಬರುತ್ತಾರೆಂದರೆ ಗಿಡಗಳೂ ಎದ್ದು ನಿಲ್ಲಬೇಕು. ಕರಬಸಪ್ಪ ಕಂದು ಬಣ್ಣದ ಹೊಸ ಪ್ಯಾಂಟು ಹಾಕಿಕೊಂಡು ಬದುವಿನ ಮೇಲೆ ನಿಂತು, ನೈಲಾನ್ ದಾರದಲ್ಲಿ ಪ್ರತಿ ಗಿಡವನ್ನೂ ಗಳಕ್ಕೆ ಬಿಗಿದು ಕಟ್ಟಿ, ಒಂದೂ ಅಲುಗಬಾರದು ಅಂದ. ಇಪ್ಪತ್ತು ಹೆಂಗಸರು ಬಿಗಿದರು. ಇವಳೊಬ್ಬಳು ಗಿಡಕ್ಕೂ ದಾರಕ್ಕೂ ನಡುವೆ ತೋರುಬೆರಳಿಟ್ಟು, ಬೆರಳಿನ ಮೇಲೆ ಗಂಟು ಹಾಕಿ, ಬೆರಳು ಎಳೆದುಕೊಳ್ಳುತ್ತಿದ್ದಳು. ಬೆರಳಿನಷ್ಟು ಜಾಗ ಉಳಿಯುತ್ತಿತ್ತು. ಗಿಡ ಸಡಿಲಾಗಿ ಓಲಾಡುತ್ತಿತ್ತು. "ಏ ಬೇ, ಬಿಗಿ ಅದನ್ನ" ಅಂದ. "ಗಿಡಾ ದಪ್ಪ ಆಗ್ತೇತ್ರಿ ಸಾಹೇಬ್ರ. ಬೆರಳಿನಷ್ಟರ ಜಾಗಾ ಬಿಡ್ಬೇಕ್ರಿ" ಅಂದಳು, ತಲೆ ಎತ್ತದೆ. ತಲೆ ಎತ್ತಿ ಹೇಳಿದ್ದರೆ ಬಹುಶಃ ಅವನು ಕೇಳುತ್ತಿದ್ದ. ಕೆಲಸ ಮಾಡುತ್ತಲೇ ಹೇಳಿದ್ದು, ಅಂದರೆ ಅವನ ಮಾತಿಗಿಂತ ಗಿಡವೇ ದೊಡ್ಡದು ಅನ್ನುವ ಹಾಗೆ, ಅದು ತಡೆಯಲಿಲ್ಲ. "ಇಲ್ಲಿ ನೀ ಸೂಪರ್‌ವೈಸರೋ ನಾನೋ? ಬೆರಳ ಅಳತಿ ನನಗ ಕಲಿಸಾಕ ಬಂದಿ? ಸಾಲ್ಯಾಗ ಮೂರನೇತ್ತಾ ಓದೀಯೋ ಇಲ್ಲೋ?" ಇಪ್ಪತ್ತು ಮಂದಿ ಕೈ ನಿಲ್ಲಿಸಿದರು. ಎರಡನೇ ಸಾಲಿನಲ್ಲಿ ಮರಿಯವ್ವ, ಆಗಿನ್ನೂ ಎಮ್ಮೆ ಕಟ್ಟಿರಲಿಲ್ಲ ಅವಳು, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಮಾಸುಮಬಿ ಹಾಕಿದ ಗಂಟುಗಳನ್ನೆಲ್ಲ ಬಿಚ್ಚಿ ಬಿಗಿದು ಕಟ್ಟಿದಳು. ಸಾಹೇಬರು ಬಂದರು, ಕವಾಯತಿಗೆ ನಿಂತಂಥ ಗಿಡಗಳನ್ನು ನೋಡಿ ತಲೆಯಾಡಿಸಿದರು, ಹೋದರು. ಇಪ್ಪತ್ತು ದಿನಕ್ಕೆ ಕಾಂಡ ದಪ್ಪವಾಗಿ ದಾರ ಒಳಗಿಳಿಯಿತು. ಕುತ್ತಿಗೆ ಕೊಯ್ದ ಹಾಗೆ ಗಿಡಗಳು ಗಂಟಿನಲ್ಲೇ ಮುರಿದವು, ಅರ್ಧ ಪ್ಲಾಟು. ಅವನು ವರದಿ ಬರೆದ, ಆಗ ಬಲಗೈ ಚೆನ್ನಾಗಿ ನಡೆಯುತ್ತಿತ್ತು. ಸೂಚನೆಯಂತೆ ಕಟ್ಟದ ಕೆಲಸಗಾರ್ತಿಯ ನಿರ್ಲಕ್ಷ್ಯ, ಹೆಸರು ಮಾಸುಮಬಿ, ಕುಪ್ಪೇಲೂರು. ಮಾಸುಮ ಅಂದರೆ ಏನೂ ತಪ್ಪು ಮಾಡದವಳು ಎಂದು ಆಮೇಲೆ ಎಂದೋ ಆಫೀಸಿನ ಅಲ್ಲಾಬಕ್ಷ ಚಹಾ ಕುಡಿಯುತ್ತ ಹೇಳಿದ್ದ. ವರದಿಯಲ್ಲಿ ಹೆಸರೇ ಅವಳ ಪರ ಸಾಕ್ಷಿ ನುಡಿದಿತ್ತು, ಓದಿದ ಸಾಹೇಬರಿಗೆ ಉರ್ದು ಬರುತ್ತಿರಲಿಲ್ಲ. ಅವಳನ್ನು ಮತ್ತೆ ಯಾವ ಪ್ಲಾಟಿಗೂ ಕರೆಯಲಿಲ್ಲ.

"ಉಂಡ್ರ್ಯಾ ಸಾಹೇಬ್ರ" ಎಂದು ಮಾಸುಮಬಿ ಒಳಗೆ ಬಂದಳು. ಇಲ್ಲೇ ರಾಣೆಬೆನ್ನೂರಿನಲ್ಲಿ ಮಗಳ ಮನೆಯಲ್ಲಿ ಇರುತ್ತಿದ್ದಳು ಈಗ, ಮನೆಮನೆಗೆ ಹೋಗಿ ಕೌದಿ ಹೊಲಿಯುತ್ತಿದ್ದಳು. ಬಂದವಳು ಮೊದಲು ಪಡಸಾಲೆಗೆ ಹೋಗಲಿಲ್ಲ, ಮಡಿಯ ಹತ್ತಿರ ನಿಂತು ಗಿಡಗಳನ್ನು ಒಂದೊಂದಾಗಿ ನೋಡಿದಳು. ಮೊದಲ ದಿನವೇ ಆ ಖಾರದ ಸುತಳಿ ಬಿಚ್ಚಿ ಎಸೆದು, ಕೌದಿಗೆಂದು ಹಾಕಿದ್ದ ಬಟ್ಟೆಯ ರಾಶಿಯಿಂದ ಕಂದು ಪ್ಯಾಂಟನ್ನು ಎಳೆದು, ಉದ್ದುದ್ದ ಪಟ್ಟಿ ಹರಿದು ಹತ್ತು ಗಿಡ ಕಟ್ಟಿದ್ದಳು. ಹನ್ನೊಂದನೆಯದು ಆಗಿನ್ನೂ ಗಿಡ್ಡವಿತ್ತು, ಎರಡು ದಿನ ತಡೆದು ಕಟ್ಟೋಣ ಅಂದಿದ್ದಳು. ಗಾಳಿ ಬಂದರೆ ಗಿಡಗಳು ಸ್ವಲ್ಪ ಹಿಂದೆ ಹೋಗಿ ಮತ್ತೆ ಮುಂದೆ ಬರುತ್ತಿದ್ದವು, ಕೈ ಹಿಡಿದು ನಡೆಸಿದವರ ಹಾಗೆ. ಕರಬಸಪ್ಪ ಎರಡು ದಿನದಿಂದ ಅದನ್ನೇ ನೋಡುತ್ತಿದ್ದ. ತನ್ನ ಪ್ಯಾಂಟು ತಾನು ಹಾಕಿಕೊಂಡಿದ್ದಾಗ ಇಷ್ಟು ಉಪಯೋಗಕ್ಕೆ ಬಂದಿರಲಿಲ್ಲ ಅನಿಸಿತ್ತು.

"ಮಾಸು" ಎಂದ. ಅಷ್ಟರಲ್ಲಿ ಶೇಖವ್ವ ಒಳಗಿನಿಂದ, "ಬಂದಾಳ ತಗೋರಿ, ಚಾ ಇಡಾಕತ್ತೇನಿ" ಅಂದಳು. ಮಾಸುಮಬಿ ನಕ್ಕು ಒಳಗೆ ಹೋದಳು. ಸೂಜಿ ಶುರುವಾಯಿತು.

ಹೊತ್ತು ಏರಿತು. ಪಡಸಾಲೆಯ ಬಾಗಿಲಿನಿಂದ ಕೌದಿಯ ಒಂದು ಅಂಚು ಅವನಿಗೆ ಕಾಣುತ್ತಿತ್ತು. ಕರ್ಜಗಿಯ ಸಭೆಗೆ ಹಾಕಿದ್ದ ನೀಲಿ ಅಂಗಿ, ಅದರ ಮಗ್ಗುಲಿಗೆ ಶೇಖವ್ವನ ಹಳೇ ಇಳಕಲ್ ಸೀರೆಯ ತುಂಡು, ಅದರ ಕೆಳಗೆ ಆಫೀಸಿನ ಬಿಳಿ ಅಂಗಿ, ಜೇಬಿನ ಮೇಲೆ ಶಾಯಿ ಸೋರಿದ ಕಲೆ ಹಾಗೇ ಉಳಿದದ್ದು. ವರದಿ ಬರೆದ ಆ ಪೆನ್ನೇ, ಆ ಜೇಬೇ. ಯಾವ ತುಂಡು ಎಲ್ಲಿ ಹೊಂದುತ್ತದೆ ಎಂದು ಅವಳು ಕೇಳಿದ್ದು ಬಟ್ಟೆಯನ್ನು, ಅವನನ್ನಲ್ಲ. ಅವನ ಇಡೀ ನೌಕರಿ ಅಲ್ಲಿ ನೆಲದ ಮೇಲೆ ಹಾಸಿತ್ತು, ಸಾಲಿಟ್ಟು, ಓರೆಯಿಲ್ಲದೆ, ಬದುಕಿದಾಗಿನಕ್ಕಿಂತ ಬಹಳ ಅಚ್ಚುಕಟ್ಟಾಗಿ. ಬರುವ ಚಳಿಗೆ ಅದನ್ನೇ ಹೊದ್ದು ಮಲಗಬೇಕು. ಹೇಳದೆ ಹೋದರೆ ಹೇಗೆ ಹೊದೆಯುವುದು? ನಿದ್ದೆಯಲ್ಲಿ ಆ ಶಾಯಿಯ ಕಲೆ ಗಲ್ಲಕ್ಕೆ ತಾಗಿದರೆ?

"ಅಕ್ಕಾರ, ಮೂಲಿಗೆ ಬಂತ್ರಿ. ಹೊಟ್ಟಿಗೆ ಏನರ ಕೊಡ್ರಿ ಇದಕ್ಕ" ಎಂದು ಮಾಸುಮಬಿ ಕೂಗಿದಳು. ಕೌದಿಯ ಕೊನೆಯ ಮೂಲೆಯನ್ನು ಬರಿದಾಗಿ ಹೊಲಿಯುವುದಿಲ್ಲ. ತಿನ್ನುವ ಪದಾರ್ಥದ ಒಂದು ಚೂರು ಒಳಗಿಟ್ಟು ಮುಚ್ಚಿದರೆ ಹೊದ್ದವರಿಗೆ ಹಸಿವಿನ ಕನಸು ಬೀಳುವುದಿಲ್ಲ. ಶೇಖವ್ವ ಅಂಗೈಯಲ್ಲಿ ಹೋಳಿಗೆಯ ತುಣುಕು ಹಿಡಿದು ಬಂದಳು. ಆ ತುಣುಕು ನೋಡಿದ್ದೇ ಕರಬಸಪ್ಪನಿಗೆ ಹೊತ್ತು ಮುಗಿಯಿತೆಂದು ಗೊತ್ತಾಯಿತು. ಎಡಗೈಯಿಂದ ಕುರ್ಚಿಯ ತೋಳು ಬಡಿದ. ಇಬ್ಬರೂ ಬಾಗಿಲಿಗೆ ಬಂದರು.

"ಕುಪ್ಪೇಲೂರಾಗ" ಎಂದ.

"ಹೌದ್ರಿ, ಆಕಿ ಕುಪ್ಪೇಲೂರಕ್ಯಾನ. ಈಗ ಮಗಳ ಮನ್ಯಾಗ ಇರ್ತಾಳ" ಅಂದಳು ಶೇಖವ್ವ.

ಅವನು ತಲೆ ಅಲ್ಲಾಡಿಸಿದ. "ಆ... ಪ್ಲಾ..."

"ಪ್ಲಾಸ್ಟಿಕ್ ಚೀಲಾ? ಒಳಗೈತಿ. ತರ್ಲ್ಯಾ?"

ಅವನ ಅರ್ಧ ಮುಖ ಕೆಂಪಾಯಿತು. ಮಾಸುಮಬಿ ಬಂದು ಮಡಿಯ ಕಲ್ಲಿನ ಮೇಲೆ ಕೂತಳು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ಅವರು ಹೇಳ್ಲಿ ತಡೀರಿ ಅಕ್ಕಾರ. ಗಡಿಬಿಡಿ ಏನೈತಿ?"

ಮೂರು ತಿಂಗಳಲ್ಲಿ ಮೊದಲ ಸಲ ಯಾರೋ ಅವನ ಮಾತಿಗೆ ಜಾಗ ಬಿಟ್ಟಿದ್ದರು. ಆ ಜಾಗ ಎಷ್ಟು ದೊಡ್ಡದಾಗಿ ಕಂಡಿತೆಂದರೆ ಅವನಿಗೆ ಅದರೊಳಗೆ ಇಳಿಯಲು ಹೆದರಿಕೆಯಾಯಿತು. ಒಂದು ಕಾಗೆ ಕಾಂಪೌಂಡಿನ ಮೇಲೆ ಬಂದು ಕೂತು ಎದ್ದುಹೋಯಿತು. ಶೇಖವ್ವನ ಅಂಗೈಯಲ್ಲಿ ಹೋಳಿಗೆ ಬೆವರುತ್ತಿತ್ತು. ಮಾಸುಮಬಿ ಗಿಡಗಳನ್ನು ನೋಡುತ್ತ ಕೂತಿದ್ದಳು, ಅವನ ಬಾಯಿಯನ್ನಲ್ಲ.

"ಪ್ಲಾಟು" ಎಂದ. "ಗಿಡಾ... ಮುರದ್ವು. ಬಿಗಿ ಅಂದಾಂವ... ನಾನು. ನೀ ಹೇಳಿದ್ದು... ಖರೇ ಇತ್ತು. ಚೀಟಿ ಬರದು... ನಿನ್ನ ಹೆಸರು... ನಾನ ಹಾಕಿದ್ಯಾ."

ಇಷ್ಟು ಹೇಳಲು ಹಿಡಿದ ಹೊತ್ತಿನಲ್ಲಿ ಸ್ಟ್ಯಾಂಡಿನಿಂದ ಹೊರಟ ಬಸ್ಸು ಊರು ದಾಟಿಬಿಡುತ್ತಿತ್ತು. ಶೇಖವ್ವ ಒಮ್ಮೆ ಗಂಡನ ಮುಖ, ಒಮ್ಮೆ ಮಾಸುಮಬಿಯ ಮುಖ ನೋಡಿದಳು. ಹಿಂದೆ ಎಂದೂ ಅವಳಿಗೆ ಅವನು ಇದನ್ನು ಹೇಳಿರಲಿಲ್ಲ. ಅವಳು ಮೆಲ್ಲಗೆ ಹೊಸ್ತಿಲ ಮೇಲೆ ಕೂತಳು.

"ಗೊತ್ತೈತ್ರಿ" ಅಂದಳು ಮಾಸುಮಬಿ.

ಅವನು ಕಣ್ಣಿನಿಂದ ಕೇಳಿದ. ಯಾವಾಗಿಂದ?

"ಚೀಟಿ ಸುದ್ದಿ ಅವತ್ತ ಗೊತ್ತಾತು. ನಿಮ್ಮನ್ನ ನೋಡಿ ಮಾತ್ರ ಗುರ್ತು ಹತ್ತಲಿಲ್ರಿ, ಭಾಳ ಸೊರಗೀರಿ. ಈ ಪ್ಯಾಂಟು ಕೈಗೆ ಬಂದ ಮ್ಯಾಲೆ ಹತ್ತಿತು." ಗಿಡಕ್ಕೆ ಕಟ್ಟಿದ ಕಂದು ಪಟ್ಟಿಯನ್ನು ಬೆರಳಿನಿಂದ ಮುಟ್ಟಿದಳು. "ಅವತ್ತ ಬೈಸಿಕೊಳ್ಳೂ ಮುಂದ ತಲಿ ಎತ್ತಿದ್ದಿಲ್ಲಲ್ರಿ ನಾ. ನಿಮ್ಮ ಮಾರಿ ಎಲ್ಲಿ ನೋಡೇನಿ, ಪ್ಯಾಂಟ ನೋಡಿದ್ದು. ಹರಿಯೂ ಮುಂದ ಒಂಚೂರು ಜೋರಲೇನ ಹರದೆ. ಸುಳ್ಳ ಯಾಕ ಹೇಳ್ಲಿ."

ಕರಬಸಪ್ಪ ಆ ಪಟ್ಟಿಗಳನ್ನು ನೋಡಿದ. ಗೊತ್ತಿದ್ದೂ ಮಜ್ಜಿಗೆ ಕೊಟ್ಟಳೇ ಎಂದುಕೊಂಡ. ಇಲ್ಲ, ಮಜ್ಜಿಗೆ ಮೊದಲು, ಪ್ಯಾಂಟು ಆಮೇಲೆ. ಆದರೆ ಗಿಡ ಕಟ್ಟಿದ್ದು ಪ್ಯಾಂಟಿನ ನಂತರ. ಗುರುತು ಹತ್ತಿದ ಮೇಲೂ, ಆ ಪ್ಯಾಂಟಿನಿಂದಲೇ, ಹತ್ತೂ ಗಿಡಗಳಿಗೆ ಬೆರಳಿನಷ್ಟು ಜಾಗ ಬಿಟ್ಟಿದ್ದಳು.

"ಕೌದಿ ಹೊಲಿಯೂದು ಕೆಟ್ಟ ಕೆಲಸ ಅಲ್ರಿ" ಅಂದಳು ಮಾಸುಮಬಿ. "ಆದ್ರ ನನ್ನ ಕೈ ಹೂವಿನ ಕೈ ಇತ್ರಿ. ಮುಂಜಾನೆದ್ದು ಹೂವಿನಾಗ ಹೋಗಿ ನಿಲ್ಲೂದು... ಅದು ಹೋತು ನೋಡ್ರಿ." ಇರಲಿ ಅನ್ನಲಿಲ್ಲ, ಮರೆತುಬಿಡಿ ಅನ್ನಲಿಲ್ಲ. ಅಂದಿದ್ದರೆ ಅವನು ಹಗುರಾಗುತ್ತಿದ್ದ. ಅನ್ನದೆ ಇದ್ದದ್ದರಿಂದ ಅವಳ ಮಾತು ಅವನ ಮೇಲೆ ನಿಂತಿತು, ಆ ಭಾರಕ್ಕೂ ಅವನು ಋಣಿಯಾಗಿದ್ದ. ಯಾರೂ ಅವನ ಮೇಲೆ ಏನನ್ನೂ ಹೊರಿಸದೆ ಮೂರು ತಿಂಗಳಾಗಿತ್ತು, ಮಂದಿ ಅವನನ್ನು ಒಡೆಯುವ ಸಾಮಾನಿನಂತೆ ನೋಡುತ್ತಿದ್ದರು.

"ಇನ್ನೊಂದೈತ್ರಿ" ಎಂದು ಎದ್ದಳು. "ಅವತ್ತ ಇಪ್ಪತ್ತು ಮಂದಿ ಮುಂದ ಅಂದಿದ್ರಿ. ಇವತ್ತ ಹೇಳಿದ್ದು ಯಾರ ಮುಂದ? ಮನೀಯವರ ಮುಂದ. ಅವ್ರನ್ನ ಲೆಕ್ಕಕ್ಕ ಹಿಡ್ಯಾಂಗಿಲ್ಲ ನಾ."

"ಹಿಡೀಬ್ಯಾಡವಾ" ಅಂದಳು ಶೇಖವ್ವ ಹೊಸ್ತಿಲಿಂದ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನನ್ನ ಮುಂದ ಏನ್ ಹೇಳಿದ್ರೂ ಅದು ಹೇಳಿದಂಗಲ್ಲ."

ಮಾಸುಮಬಿ ಬಟ್ಟೆಯ ರಾಶಿಯಿಂದ ಉಳಿದ ಒಂದೇ ಕಂದು ಪಟ್ಟಿ ತಂದಳು. ಹನ್ನೊಂದನೆಯ ಗಿಡ ಎರಡು ದಿನದಲ್ಲಿ ಎದ್ದಿತ್ತು. ಕಟ್ಟಿಗೆಗೆ ಪಟ್ಟಿ ಸುತ್ತಿ, ಗಿಡದ ಸುತ್ತ ತಂದು, "ಬೆರಳು ಕೊಡ್ರಿ" ಅಂದಳು.

ಅವನು ಎಡಗೈ ಚಾಚಿದ.

"ಅದಲ್ರಿ, ಆ ಕೈ. ಅದರಲೇನ ಬರದಿದ್ರಲ್ಲ."

ಅವಳೇ ಅವನ ಮಡಿಲಿನಿಂದ ಬಲಗೈಯನ್ನು ಎತ್ತಿ ತಂದು ತೋರುಬೆರಳನ್ನು ಕಾಂಡಕ್ಕೂ ಬಟ್ಟೆಗೂ ನಡುವೆ ಇಟ್ಟಳು. "ನನ್ನ ಬೆರಳು ಸಣ್ಣಾತ್ರಿ. ಈ ಗಿಡಾ ಇನ್ನಾ ಬೆಳೀತೈತಿ, ಇದಕ್ಕ ನಿಮ್ಮ ಬೆರಳನ ಸರಿ" ಎಂದು ಅದರ ಮೇಲೆ ಗಂಟು ಬಿಗಿದಳು. ಬಿಗಿದದ್ದು ಅವನ ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ. ಕಾಂಡದ ಮೇಲಿನ ರೋಮ, ಟೊಮೆಟೊ ಎಲೆಯ ಹಸಿರು ವಾಸನೆ, ಬೆರಳಿನ ತುದಿ ಸ್ವಲ್ಪ ಬಿಳಿಚಿದ್ದು. ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಕೈ ಈಗ ಖಾಲಿ ಜಾಗ ಆಗುವ ಕೆಲಸ ಮಾಡುತ್ತಿತ್ತು. ಸಣ್ಣ ಕೆಲಸವಲ್ಲ ಅನಿಸಿತು ಅವನಿಗೆ.

"ಈಗ ತಗೀರಿ."

ಬೆರಳು ಬರಲಿಲ್ಲ. ಎಳೆಯಲು ಅವನು ಹೇಳಿ ಕಳಿಸಿದ್ದು ಭುಜದವರೆಗೆ ಹೋಗಿ ಅಲ್ಲೇ ನಿಂತಿತು. ಶೇಖವ್ವ ಎದ್ದು ಬಂದು ಕೈ ಹಿಡಿಯಲು ಹೋದಳು. ಮಾಸುಮಬಿ ಅವಳ ಮೊಣಕೈ ತಡೆದಳು. ಗಿಡ, ಗಂಟು, ಬೆರಳು ಒಂದಕ್ಕೊಂದು ಕಟ್ಟಿಕೊಂಡು ನಿಂತಿದ್ದವು. ಗಾಳಿಗೆ ಗಿಡ ಅಲುಗಿದರೆ ಬೆರಳೂ ಅಲುಗುತ್ತಿತ್ತು.

ಆಗಲೇ ಗೇಟು ಕಿರುಗುಟ್ಟಿತು. ಮಧ್ಯಾಹ್ನದ ಬಸ್ಸಿಗೆ ಹೊರಟ ಮರಿಯವ್ವ ಖಾಲಿ ಕ್ಯಾನು ಒಯ್ಯಲು ಬಂದಿದ್ದಳು. ಬಂದವಳು ಮಾಸುಮಬಿಯನ್ನು ನೋಡಿ, "ಯವ್ವಾ, ನೀ ಇಲ್ಲಿ ಅದೀಯೇನ" ಎಂದು ಸೋಜಿಗಪಟ್ಟಳು. ಆಮೇಲೆ ಅಭ್ಯಾಸದಂತೆ ಮಡಿಗೆ ಕೈ ಮುಗಿಯಲು ಹೋಗಿ, ಸಾಹೇಬರ ಬೆರಳು ಗಿಡದೊಳಗೆ ಸಿಕ್ಕಿದ್ದನ್ನು ಕಂಡು ಕೈ ಅರ್ಧಕ್ಕೇ ನಿಲ್ಲಿಸಿದಳು.

ಕರಬಸಪ್ಪ ಅವಳನ್ನು ನೋಡಿದ. ಆ ಇಪ್ಪತ್ತು ಮಂದಿಯಲ್ಲೊಬ್ಬಳು, ಎರಡನೇ ಸಾಲು, ಬಾಯಿಗೆ ಒತ್ತಿದ ಸೆರಗು.

"ಮರಿಯವ್ವಾ" ಎಂದ. "ಕುಪ್ಪೇಲೂರಾಗ..."

"ಬಸ್ಸು ಒಂದೂವರಿಗೈತ್ರಿ" ಅಂದಳು ಮರಿಯವ್ವ.

"ಅವರು ಹೇಳ್ಲಿ ತಡಿಯ" ಅಂದಳು ಶೇಖವ್ವ.

ಮರಿಯವ್ವ ಕ್ಯಾನನ್ನು ಕೆಳಗಿಟ್ಟಳು. ಮೂವರು ಹೆಂಗಸರೂ ಕಾದರು. ಕರಬಸಪ್ಪ ಉಸಿರು ತೆಗೆದುಕೊಂಡ, ಮುಂದಿನ ಮಾತನ್ನು ಹುಡುಕಿ ನಾಲಿಗೆಯ ಸರಿಯಿದ್ದ ಅರ್ಧಕ್ಕೆ ತಂದಿಟ್ಟುಕೊಂಡ. ಗಂಟಿನೊಳಗಿನಿಂದ ಬೆರಳು ಗೋದಿ ಕಾಳಿನಷ್ಟು ಈಚೆಗೆ ಸರಿಯಿತು.